ಕಾಲಿನ ನಾಳ, ಎದೆಯ ನೆತ್ತರು

ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯ ಮಿತ್ರರ ಕಾಲಿನಲ್ಲಿ ಉದ್ದನೆಯ ಗಾಯದ ಕಲೆ ಕಂಡು, ‘ಎದೆಯ ಬೇನೆಗೆ ಕಾಲನ್ನೇಕೆ ಕೊಯ್ದರು?’ ಎಂದು ನಾನು ಕೇಳಿದ್ದುಂಟು. ಆ ಕಲೆಯ ಹಿಂದೆ ಒಂದು ಚರಿತ್ರೆಯಿದೆ.

ಅರ್ಜೆಂಟೀನದ ಹಳ್ಳಿಯೊಂದರಲ್ಲಿ ಹನ್ನೆರಡು ವರ್ಷ ವೈದ್ಯರಾಗಿದ್ದ ರೆನೆ ಫವಲೊರೊ, 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ, ಕಾಲಿನ ಅಭಿಧಮನಿಯನ್ನು ಹೃದಯಕ್ಕೆ ಜೋಡಿಸುವ ಕ್ರಮವನ್ನು ಕೈಗೊಂಡು ಮುಂದೆ ಅದನ್ನು ರೂಢಿಗೆ ತಂದರು. ನಾಳದೊಳಗಿನ ಕವಾಟಗಳು ಒಂದೇ ದಿಕ್ಕಿಗೆ ತೆರೆಯುವುದರಿಂದ ಅದನ್ನು ತಿರುಗುಮುರುಗಾಗಿಸಿ ಹೊಲಿಯುತ್ತಾರೆ.

ಆದರೆ ನಾಳಕ್ಕೂ ಸ್ನಾಯುವುಂಟು. ಕಿತ್ತು ತೆಗೆಯುವಾಗಲೇ ಅದು ಮುದುಡಿಕೊಳ್ಳುತ್ತದೆ. ವೈದ್ಯರು ಅದರೊಳಗೆ ಉಪ್ಪುನೀರನ್ನು ಒತ್ತಡದಿಂದ ತುಂಬಿ ಹಿಗ್ಗಿಸುತ್ತಿದ್ದರು. ನಾಳವೇನೋ ಹಿಗ್ಗುತ್ತಿತ್ತು; ಒಳಗಿನ ತೆಳುಪದರ ಮಾತ್ರ ಹಾಳಾಗುತ್ತಿತ್ತು. ಬಿಗಿತವನ್ನು ಸಡಿಲಿಸುವ ಸಂಕೇತ ಹೊರಡುವುದು ಆ ಪದರದಿಂದಲೇ ಎಂದು ರಾಬರ್ಟ್ ಫರ್ಚ್‌ಗಾಟ್ ತೋರಿಸಿದ್ದು 1980ರಲ್ಲಿ. ಅದನ್ನು ಕಳೆದುಕೊಂಡ ನಾಳ ಹೃದಯದ ನೆತ್ತರಿನ ರಭಸಕ್ಕೆ ಸುಲಭವಾಗಿ ಸಂಕುಚಿಸುತ್ತದೆ. ಹೆಪ್ಪುಗಟ್ಟಿ, ಗೋಡೆ ದಪ್ಪವಾಗಿ, ಕೊನೆಗೆ ಮುಚ್ಚಿಯೂ ಹೋಗುತ್ತದೆ. ಬಿಡಿಸಿದ ಕೈಯೇ ಕೆಡಿಸಿತ್ತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

1990ರ ದಶಕದಲ್ಲಿ ಸ್ವೀಡನ್ನಿನ ಒರೆಬ್ರೂದಲ್ಲಿ ಡೊಮಿಂಗೋಸ್ ಸೋಜಾ ನಾಳವನ್ನು ಸುತ್ತಲಿನ ಕೊಬ್ಬಿನೊಡನೆಯೇ ತೆಗೆದು, ಬಲವಂತವಾಗಿ ಹಿಗ್ಗಿಸದೆ ಜೋಡಿಸಿದರು. ಅಂಥವು ಹೆಚ್ಚು ಕಾಲ ತೆರೆದೇ ಉಳಿದವು. ಕಾಲಿನ ಗಾಯ ಮಾಯುವುದು ಮಾತ್ರ ತುಸು ನಿಧಾನ.