ಅರ್ಧ ಗಂಟೆಯ ಆಟ: ಸೈಬರ್ ಕೆಫೆಗಳ ಒಂದು ಮರೆತ ಅಧ್ಯಾಯ

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್‌ಗಳ ಅಡ್ಡರಸ್ತೆಗಳಲ್ಲಿ ಬೋರ್ಡಿನ ಮೇಲೆ ‘ಸೈಬರ್’ ಎಂಬ ಪದವನ್ನು ಉಳಿಸಿಕೊಂಡ ಅಂಗಡಿಗಳು ಅಲ್ಲಲ್ಲಿ ಇನ್ನೂ ಇವೆ. ಒಳಗೆ ನಡೆಯುವ ವ್ಯಾಪಾರ ಮಾತ್ರ ಜೆರಾಕ್ಸ್, ಪ್ರಿಂಟ್‌ಔಟ್, ಆನ್‌ಲೈನ್ ಅರ್ಜಿ ತುಂಬುವುದು ಇತ್ಯಾದಿ. ಇಪ್ಪತ್ತು ವರ್ಷಗಳ ಹಿಂದೆ ಇಂಥ ಅಂಗಡಿಗಳಲ್ಲಿ ಶಾಲೆ ಬಿಡುವ ಹೊತ್ತಿಗೆ ಒಂದು ಕುರ್ಚಿಯೂ ಖಾಲಿ ಸಿಗುತ್ತಿರಲಿಲ್ಲ. ಬಂದವರೆಲ್ಲ ಇ-ಮೇಲ್ ನೋಡಲು, ಸಿಇಟಿ ರ‍್ಯಾಂಕ್ ತಿಳಿಯಲು ಬಂದವರಲ್ಲ. ಬಹಳಷ್ಟು ಹುಡುಗರು ಬಂದದ್ದು ಆಟಕ್ಕೆ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷವೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಮಳಿಗೆಯನ್ನು ಸೈಬರ್ ಕೆಫೆಯಾಗಿ ತೆರೆಯಿತು. 1998ರಲ್ಲಿ ವಿಎಸ್‌ಎನ್‌ಎಲ್‌ನ ಏಕಸ್ವಾಮ್ಯ ಮುಗಿದು ಖಾಸಗಿ ಕಂಪನಿಗಳು ಬಂದ ಮೇಲೆ ಕೆಫೆಗಳು ಬಡಾವಣೆಗಳಿಗೆ ಇಳಿದವು. ಎಸ್‌ಟಿಡಿ ಬೂತಿನ ಪಕ್ಕದಲ್ಲಿ, ಕೆಲವು ಕಡೆ ಬೂತಿನ ಒಳಗೇ ನಾಲ್ಕು ಕಂಪ್ಯೂಟರ್ ಇಟ್ಟು ಗಂಟೆ ಲೆಕ್ಕದಲ್ಲಿ ಬಾಡಿಗೆ ಎಣಿಸಲಾಯಿತು.

ಈ ಗಂಟೆಯ ಲೆಕ್ಕದಲ್ಲೇ ಆಟದ ಆಕರ್ಷಣೆಯ ಗುಟ್ಟು ಅರ್ಧ ಅಡಗಿದೆ. ಕಂಪ್ಯೂಟರ್ ಆಡುವವನದಲ್ಲ, ಅದರಲ್ಲಿ ಆಟವನ್ನು ಇನ್‌ಸ್ಟಾಲ್ ಮಾಡಲು ಮಾಲೀಕ ಒಪ್ಪುವುದಿಲ್ಲ. ಸಿ.ಡಿ. ಕೊಳ್ಳಲು ದುಡ್ಡಿಲ್ಲ. ಕೈಯಲ್ಲಿರುವುದು ಅರ್ಧ ಗಂಟೆಯ ಬಾಡಿಗೆ. ಹಾಗಾಗಿ ವಿಳಾಸ ಬೆರಳಚ್ಚಿಸಿದೊಡನೆ ಬ್ರೌಸರಿನಲ್ಲೇ ತೆರೆದುಕೊಳ್ಳುವ, ಕಲಿಯಲು ಒಂದು ನಿಮಿಷ ಸಾಕಾಗುವ, ಸೋತರೆ ಮತ್ತೆ ಮೊದಲಿನಿಂದ ಶುರು ಮಾಡಬಹುದಾದ ಆಟವೇ ಬೇಕು. 2001ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಿನಿಕ್ಲಿಪ್ ಕೊಟ್ಟದ್ದು ಇದನ್ನೇ. 2006ರಲ್ಲಿ ರಿಲಯನ್ಸ್ ಎಡಿಎ ಸಮೂಹ ‘ಝಪಕ್’ ಎಂಬ ತಾಣದೊಂದಿಗೆ ಇದೇ ಮಾರುಕಟ್ಟೆಗೆ ಇಳಿಯಿತು. ನಮ್ಮವರನ್ನು ಹೆಚ್ಚು ಸೆಳೆದದ್ದರಲ್ಲಿ ಆಸ್ಟ್ರೇಲಿಯಾದ ‘ಸ್ಟಿಕ್ ಕ್ರಿಕೆಟ್’ ಒಂದು. ಕೀಲಿಮಣೆಯ ಎಡ ಬಾಣ, ಬಲ ಬಾಣ ಎರಡೇ ಸಾಕು, ಸಿಕ್ಸರ್ ಹೊಡೆಯಲು! ಕಚೇರಿಗಳಲ್ಲಿ ಊಟದ ಬಿಡುವಿನಲ್ಲಿ ಇದನ್ನು ಆಡಿದ ಸಾಫ್ಟ್‌ವೇರ್ ಇಂಜಿನಿಯರುಗಳು ಕಡಿಮೆಯೇನಿಲ್ಲ.

ಉಳಿದರ್ಧ ಗುಟ್ಟು ‘ಫ್ಲ್ಯಾಶ್’ ತಂತ್ರಾಂಶದ್ದು. 1996ರಲ್ಲಿ ಬೇರೊಂದು ಹೆಸರಿನಿಂದ ಹೊರಬಂದು, ಅದೇ ವರ್ಷದ ಕೊನೆಗೆ ಮ್ಯಾಕ್ರೋಮೀಡಿಯಾ ಕಂಪನಿಯ ಪಾಲಾದ ಇದು ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ ಕೂಡಿಡುವ ಬದಲು ಗೆರೆ, ವಕ್ರರೇಖೆಗಳ ವಿವರಣೆಯಾಗಿ ಬರೆದಿಡುತ್ತಿತ್ತು. ಆದ್ದರಿಂದ ಇಡೀ ಆಟ ಕೆಲವು ನೂರು ಕಿಲೋಬೈಟ್‌ಗಳಲ್ಲಿ ಮುಗಿಯುತ್ತಿತ್ತು. 56 ಕೆಬಿಪಿಎಸ್ ಮೋಡೆಮ್ ಸೆಕೆಂಡಿಗೆ ಹೆಚ್ಚೆಂದರೆ 7 ಕಿಲೋಬೈಟ್ ತರಬಲ್ಲದು. 300 ಕಿಲೋಬೈಟಿನ ಆಟಕ್ಕೆ ಒಂದೆರಡು ನಿಮಿಷದ ತಾಳ್ಮೆ ಸಾಕು. ಒಮ್ಮೆ ಇಳಿದ ಮೇಲೆ ಲೈನ್ ಕಡಿದುಹೋದರೂ ಆಟ ನಿಲ್ಲುತ್ತಿರಲಿಲ್ಲ. ಆ ದಿನಗಳ ಟೆಲಿಫೋನ್ ಲೈನ್‌ಗಳನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಯೋಚಿಸಿದರೆ ಇದು ನಮಗೆ ತೀರ ಹೊಸದೂ ಅಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಗೀಚಿ, ನಾಲ್ಕು ಕವಡೆ ಇಟ್ಟುಕೊಂಡರೆ ಚೌಕಾಬಾರ ಸಿದ್ಧ. ಕವಡೆ ಇಲ್ಲದಿದ್ದರೆ ಅರ್ಧ ತೇಯ್ದ ಹುಣಸೆಬೀಜವೂ ನಡೆಯುತ್ತದೆ. ಖರ್ಚಿಲ್ಲ, ಸಿದ್ಧತೆಯಿಲ್ಲ, ಅಡುಗೆಮನೆಯಿಂದ ಕರೆ ಬಂದರೆ ಅರ್ಧಕ್ಕೇ ಬಿಟ್ಟು ಏಳಬಹುದು. ಸೈಬರ್ ಕೆಫೆಯ ಹುಡುಗ ಆಡಿದ್ದೂ ಈ ಜಾತಿಯ ಆಟವನ್ನೇ ಎಂದು ನನಗನ್ನಿಸುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಎದುರಾಳಿಯ ಬದಲು ಬೆನ್ನ ಹಿಂದೆ ನಿಂತು ಸಲಹೆ ಕೊಡುವ ಇಬ್ಬರು ಗೆಳೆಯರಿರುತ್ತಿದ್ದರು.

2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ರೂಪಿಸಿತು. ಗುರುತಿನ ಚೀಟಿ ಕಡ್ಡಾಯ, ಚೀಟಿಯಿಲ್ಲದ ಅಪ್ರಾಪ್ತ ವಯಸ್ಕರ ಜೊತೆ ದೊಡ್ಡವರು ಬರಬೇಕು, ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ಅಷ್ಟರಲ್ಲಿ ಮನೆಗೆ ಬ್ರಾಡ್‌ಬ್ಯಾಂಡ್, ಕೈಗೆ ಸ್ಮಾರ್ಟ್‌ಫೋನ್ ಬರತೊಡಗಿದ್ದವು. ಐಫೋನಿನಲ್ಲಿ ಫ್ಲ್ಯಾಶ್‌ಗೆ ಜಾಗವಿಲ್ಲವೆಂದು ಸ್ಟೀವ್ ಜಾಬ್ಸ್ 2010ರಲ್ಲೇ ಬಹಿರಂಗ ಪತ್ರ ಬರೆದಿದ್ದರು. ಮ್ಯಾಕ್ರೋಮೀಡಿಯಾವನ್ನು 2005ರಲ್ಲಿ ಕೊಂಡಿದ್ದ ಅಡೋಬಿ, 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಮರುತಿಂಗಳು ಆ ಆಟಗಳು ಬ್ರೌಸರಿನಲ್ಲಿ ತೆರೆಯದಾದವು.

ಫೋನಿಗೆ ಹೋದ ಆಟದ ಜೊತೆ ಹಣವೂ ಬೆರೆಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಇಂಥ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಈ ಗದ್ದಲದಲ್ಲಿ ಆನ್‌ಲೈನ್ ಆಟವೆಂದರೆ ಜೂಜು ಎಂದೇ ಹಲವು ಮನೆಗಳಲ್ಲಿ ಅರ್ಥವಾಗಿಬಿಟ್ಟಿದೆ. ಅರ್ಧ ಗಂಟೆಯ ಬಾಡಿಗೆ ಬಿಟ್ಟರೆ ಬೇರೇನೂ ಕಳೆದುಕೊಳ್ಳದ ಆಟಗಳಿಗೂ ಅದೇ ಹಣೆಪಟ್ಟಿ ಅಂಟಿಸುವುದು ಅನ್ಯಾಯ.

ಹಳೆಯ ಆಟಗಳನ್ನು ಉಳಿಸುವ ಕೆಲಸ ಹೊರದೇಶಗಳಲ್ಲಿ ನಡೆದಿದೆ. ‘ಫ್ಲ್ಯಾಶ್‌ಪಾಯಿಂಟ್’ ಎಂಬ ಸ್ವಯಂಸೇವಕರ ಯೋಜನೆ 2018ರಿಂದ ಅವುಗಳನ್ನು ಹುಡುಕಿ ಕಲೆಹಾಕುತ್ತಿದೆ. ಇಂಟರ್ನೆಟ್ ಆರ್ಕೈವ್ ತಾಣದಲ್ಲಿ 2020ರ ನವೆಂಬರಿನಿಂದ ಹಲವನ್ನು ಮತ್ತೆ ಆಡಬಹುದು. ಆದರೆ ನಾಲ್ಕನೇ ಬ್ಲಾಕಿನ ಯಾವುದೋ ಕೆಫೆಯ ಮೂರನೇ ನಂಬರ್ ಕಂಪ್ಯೂಟರಿನಲ್ಲಿ ಯಾರೋ ಹುಡುಗ ಬಿಟ್ಟುಹೋದ ಅತಿ ಹೆಚ್ಚಿನ ಸ್ಕೋರು ಆ ಕಂಪ್ಯೂಟರಿನ ಜೊತೆಗೇ ಗುಜರಿಗೆ ಹೋಗಿದೆ.