ತಮಟೆ ಕಲಾವಿದ ಶ್ರೀ ಮುನಿವೆಂಕಟಪ್ಪ

ಶ್ರೀ ಮುನಿವೆಂಕಟಪ್ಪನವರು ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟ ತಾಲ್ಲೂಕು, ಪಿಂಡಿಪಾಪನಹಳ್ಳಿ ಗ್ರಾಮದವರು. ಹದಿಹರೆಯದಲ್ಲಿಯೇ ತಮಟೆ ಹಿಡಿದ ಇವರಿಗೆ ಭಾರತ ಸರ್ಕಾರವು 2023ನೇ ಸಾಲಿನ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಆಗ ಅವರ ವಯಸ್ಸು 72.

ತಮಟೆಯು ದುಂಡನೆಯ ಚೌಕಟ್ಟಿಗೆ ಚರ್ಮ ಬಿಗಿದು ಮಾಡಿದ ವಾದ್ಯ. ಬಾರಿಸುವ ಮುನ್ನ ಬೆಂಕಿಯಲ್ಲಿ ಕಾಯಿಸಿ ಹದಗೊಳಿಸಲಾಗುತ್ತದೆ. ಕಾವು ಇಳಿದಂತೆ ನಾದವೂ ಇಳಿಯುವುದರಿಂದ ಮತ್ತೆ ಕಾಯಿಸಬೇಕಾಗುತ್ತದೆ. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಭಾಗದ ಗ್ರಾಮಗಳಲ್ಲಿ ಜಾತ್ರೆ, ದೇವರ ಉತ್ಸವ ಹಾಗೂ ಶವಯಾತ್ರೆಗಳಿಗೆ ತಮಟೆ ಬೇಕೇಬೇಕು. ದಲಿತ ಸಮುದಾಯದವರು ತಲೆಮಾರುಗಳಿಂದ ಇದನ್ನು ಉಳಿಸಿಕೊಂಡು ಬಂದಿದ್ದಾರೆ. ಆದರೆ ಬಹುಕಾಲ ಇದು ಊರಿನ ಬಿಟ್ಟಿ ಚಾಕರಿಯಾಗಿತ್ತು. ಕಲೆಯೆಂದು ಪರಿಗಣಿಸಿದವರು ವಿರಳ. ಆ ಕಾರಣದಿಂದಲೇ ಕೆಲವರು ವಾದ್ಯವನ್ನು ಕೈಬಿಟ್ಟದ್ದೂ ಉಂಟು. ಅದೇ ತಮಟೆಯು 1970ರ ದಶಕದ ನಂತರ ದಲಿತ ಚಳವಳಿಯ ಹೋರಾಟದ ಹಾಡುಗಳಿಗೆ ಜೊತೆಯಾಯಿತು. ಈ ಹಿನ್ನೆಲೆಯಲ್ಲಿ ತಮಟೆ ಕಲಾವಿದರೊಬ್ಬರಿಗೆ ಪದ್ಮಶ್ರೀ ಸಂದಿರುವುದು ಗಮನಾರ್ಹ.

ಮಾಸಾಶನ ಕೋರಿ ಅರ್ಜಿ ಸಲ್ಲಿಸುವ ಜನಪದ ಕಲಾವಿದರು ತಮ್ಮ ಕಲಾಸೇವೆಗೆ ದಾಖಲೆ ಒದಗಿಸಬೇಕಾಗುತ್ತದೆ. ಊರ ಜಾತ್ರೆಯಲ್ಲಿ ಬಾರಿಸಿದವರಿಗೆ ಪ್ರಮಾಣಪತ್ರ ಕೊಡುವ ರೂಢಿ ಇಲ್ಲ. ಆದುದರಿಂದ ಆಹ್ವಾನ ಪತ್ರಿಕೆ, ಛಾಯಾಚಿತ್ರ, ಪತ್ರಿಕಾ ವರದಿಗಳನ್ನು ಕಲಾವಿದರು ಮೊದಲಿನಿಂದಲೇ ಜೋಪಾನವಾಗಿ ಇಟ್ಟುಕೊಳ್ಳುವುದು.