ಜೊಲ್ಲು, ಕೂದಲು ಮತ್ತು ಒಬ್ಬ ಸುಲ್ತಾನ: 'ಅಲರ್ಜಿ ಆಗದ ನಾಯಿ' ಹುಟ್ಟಿದ ಕಥೆ

ಈ ವಾರ ನಮಗೆ ಬಂದ ಒಂದು ಮೆಸೇಜಿನಿಂದಲೇ ಶುರು ಮಾಡ್ತೀನಿ. ಬೆಂಗಳೂರಿನ ಕೇಳುಗರೊಬ್ಬರು ಬರೆದಿದ್ದಾರೆ. ಮಗನಿಗೆ ಏಳು ವರ್ಷ. ಚಳಿಗಾಲ ಬಂತು ಅಂದ್ರೆ ವೀಜಿಂಗ್, ಬ್ಯಾಗಿನಲ್ಲಿ ಯಾವಾಗಲೂ ಇನ್‌ಹೇಲರ್. ಆ ಹುಡುಗನಿಗೆ ನಾಯಿ ಬೇಕೇ ಬೇಕು, ಎರಡು ವರ್ಷದಿಂದ ಒಂದೇ ಹಟ. ಮರಿ ಮಾರುವವರೊಬ್ಬರು, 'ಮೇಡಂ, ಇದು ಹೈಪೋಅಲರ್ಜೆನಿಕ್, ಕೂದಲೇ ಉದುರಲ್ಲ, ಅಸ್ತಮಾ ಇರೋ ಮಕ್ಕಳಿಗೂ ಏನೂ ಆಗಲ್ಲ' ಅಂತ ಹೇಳಿ, ಮಾಮೂಲಿ ಮರಿಯ ಮೂರು ಪಟ್ಟು ರೇಟು ಹೇಳಿದ್ದಾರಂತೆ. 'ದುಡ್ಡು ಹೇಗೋ ಹೊಂದಿಸ್ತೀವಿ. ಆದರೆ ಮನೆಗೆ ತಂದ ಮೇಲೆ ಮಗನಿಗೆ ಉಸಿರಾಟದ ತೊಂದರೆ ಜಾಸ್ತಿ ಆದ್ರೆ ವಾಪಸ್ ಕೊಡಬೇಕು. ಆಗ ಅವನನ್ನ ಸಮಾಧಾನ ಮಾಡೋದು ಹೇಗೆ? ಇಂಥ ನಾಯಿ ನಿಜವಾಗ್ಲೂ ಇದೆಯಾ?' ಇದು ಅವರ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಆದರೆ ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ. ಅದನ್ನ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

1980ರ ದಶಕದ ಆಸ್ಟ್ರೇಲಿಯಾಕ್ಕೆ ಹೋಗೋಣ. ಮೆಲ್ಬರ್ನ್‌ನಲ್ಲಿ ಅಂಧರಿಗೆ ದಾರಿ ತೋರಿಸುವ ನಾಯಿಗಳನ್ನು ಸಾಕಿ, ಪಳಗಿಸಿ ಕೊಡುವ ಒಂದು ಸಂಸ್ಥೆ ಇತ್ತು. ರಾಯಲ್ ಗೈಡ್ ಡಾಗ್ಸ್ ಅಂತ. ಅಲ್ಲಿ ಮರಿ ಹಾಕಿಸುವ ವಿಭಾಗದ ಮ್ಯಾನೇಜರ್ ವಾಲಿ ಕಾನ್ರನ್. ಅವರಿಗೆ ಹವಾಯಿಯಿಂದ ಒಂದು ಕೋರಿಕೆ ಬಂತು. ಬರೆದವರು ದೃಷ್ಟಿ ಇಲ್ಲದ ಒಬ್ಬ ಮಹಿಳೆ. ಅವರಿಗೆ ಗೈಡ್ ನಾಯಿ ಬೇಕು, ಆದರೆ ಗಂಡನಿಗೆ ನಾಯಿ ಕಂಡ್ರೆ ಅಲರ್ಜಿ. ಗಂಡನ ಆರೋಗ್ಯ ಕೆಡಬಾರದು, ಹೆಂಡತಿ ಬೀದಿಯಲ್ಲಿ ಯಾರ ಕೈ ಹಿಡಿಯದೆ ನಡೆಯೋ ಹಾಗಾಗಬೇಕು. ಇದಕ್ಕೆ ಏನಾದರೂ ದಾರಿ ಇದೆಯಾ ಅನ್ನೋದು ಅವರ ಪ್ರಶ್ನೆ. ಗಮನಿಸಿ, ಇದು ಶೋಕಿಗೆ ನಾಯಿ ಕೇಳಿದ ಮನೆ ಅಲ್ಲ.

ಕಾನ್ರನ್ ಮೊದಲು ಯೋಚಿಸಿದ್ದು ಪೂಡಲ್ ಬಗ್ಗೆ. ಗುಂಗುರು ಕೂದಲಿನ ಆ ನಾಯಿ ನಿಮಗೆ ಗೊತ್ತಿರುತ್ತೆ. ನಮ್ಮ ತಲೆಗೂದಲಿನ ಹಾಗೆ ಅದರ ಕೂದಲು ಬೆಳೀತಾನೇ ಇರುತ್ತೆ, ಉದುರೋದು ಕಡಿಮೆ. ಬುದ್ಧಿಯೂ ಚುರುಕು. ದೊಡ್ಡ ಗಾತ್ರದ ಪೂಡಲ್‌ಗಳನ್ನೇ ಪಳಗಿಸಿದರಾಯ್ತು ಅಂತ ಹೊರಟರು. ಮೂರು ವರ್ಷ, 33 ಪೂಡಲ್‌ಗಳು. ಒಂದೂ ಗೈಡ್ ನಾಯಿಯ ಕೆಲಸಕ್ಕೆ ಒಗ್ಗಲಿಲ್ಲ. ಬಸ್ಸು, ಜನ, ಗದ್ದಲದ ಮಧ್ಯೆ ಶಾಂತವಾಗಿ ನಿಲ್ಲುವ ಗುಣವೇ ಬೇರೆ. ಅದು ಲ್ಯಾಬ್ರಡಾರ್‌ನಲ್ಲಿ ಧಾರಾಳವಾಗಿತ್ತು. ಆದರೆ ಲ್ಯಾಬ್ರಡಾರ್ ಕೂದಲು ಉದುರಿಸೋದು ಸಾಕಿದವರಿಗೇ ಗೊತ್ತು. ಕಪ್ಪು ಪ್ಯಾಂಟು ಹಾಕಿಕೊಂಡು ಲ್ಯಾಬ್ ಇರೋ ಮನೆಗೆ ಹೋಗಿ ನೋಡಿ ಒಂದ್ಸಲ.

ಕೊನೆಗೆ ಎರಡನ್ನೂ ಸೇರಿಸಿದರು. ಬ್ರಾಂಡಿ ಅನ್ನುವ ಲ್ಯಾಬ್ರಡಾರ್ ತಾಯಿ, ಹಾರ್ಲಿ ಅನ್ನುವ ಪೂಡಲ್ ತಂದೆ. 1989ರಲ್ಲಿ ಮೂರು ಮರಿ ಹುಟ್ಟಿದವು: ಸುಲ್ತಾನ್, ಶೇಖ್, ಸೈಮನ್.

ಈಗ ಬರೋದು ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ಭಾಗ. ಕಾನ್ರನ್ ಮೂರೂ ಮರಿಗಳ ಕೂದಲು ಕತ್ತರಿಸಿ, ಜೊಲ್ಲು ಒರೆಸಿ, ಮಾದರಿಗಳನ್ನ ಹವಾಯಿಗೆ ಕಳಿಸಿದರು. ಆ ಗಂಡನಿಗೆ ಯಾವುದು ಆಗಿಬರುತ್ತೆ ಅಂತ ಪರೀಕ್ಷೆ ಆಯ್ತು. ಉತ್ತರ ಬಂತು: ಮೂರರಲ್ಲಿ ಒಂದೇ ಒಂದು ಸರಿ ಹೋಗುತ್ತೆ. ಅದು ಸುಲ್ತಾನ್. ಉಳಿದೆರಡಕ್ಕೆ ಅಲರ್ಜಿ ಆಯ್ತು.

ಅದೇ ತಾಯಿ, ಅದೇ ತಂದೆ, ಒಂದೇ ಸೂಲಿನ ಮರಿಗಳು. ಮೂರರಲ್ಲಿ ಒಂದು. ಈ ಲೆಕ್ಕ ನೆನಪಲ್ಲಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಸುಲ್ತಾನ್ ಹವಾಯಿಗೆ ಹೋದ, ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ. ಆದರೆ ಮೆಲ್ಬರ್ನ್‌ನಲ್ಲಿ ಇನ್ನೊಂದು ತಲೆನೋವು. ಗೈಡ್ ನಾಯಿಮರಿಗಳನ್ನ ಮೊದಲ ವರ್ಷ ಊರಿನ ಮನೆಗಳಲ್ಲಿ ಸಾಕಲು ಕೊಡೋದು ಪದ್ಧತಿ. ಮರಿ ಸಾಕ್ತೀವಿ ಅಂತ ತಿಂಗಳುಗಟ್ಟಲೆ ಕಾಯುವ ಮನೆಗಳ ಪಟ್ಟಿಯೇ ಇತ್ತು. ಆದರೂ ಈ ಬೆರಕೆ ಮರಿಗಳು ಯಾರಿಗೂ ಬೇಡ. ಎಲ್ಲರಿಗೂ ಶುದ್ಧ ತಳಿಯೇ ಬೇಕು. ಆಗ ಕಾನ್ರನ್ ಒಂದು ಉಪಾಯ ಮಾಡಿದರು. ಸಂಸ್ಥೆಯ ಪ್ರಚಾರ ವಿಭಾಗಕ್ಕೆ ಹೋಗಿ, ಟಿವಿಯವರಿಗೆ ಫೋನ್ ಮಾಡಿ, ನಾವೊಂದು ಹೊಸ ಥರದ ನಾಯಿ ತಯಾರು ಮಾಡಿದ್ದೀವಿ, ಹೆಸರು ಲ್ಯಾಬ್ರಡೂಡಲ್, ಅಲರ್ಜಿ ಮಾಡದ ಗೈಡ್ ನಾಯಿ ಅಂತ ಹೇಳಿ ಅಂದರು. ಅಷ್ಟೇ. ನಿನ್ನೆವರೆಗೆ 'ಬೆರಕೆ' ಆಗಿದ್ದ ಮರಿಗೆ ಇವತ್ತು ಫೋನ್ ಮೇಲೆ ಫೋನ್. ಮರಿ ಅದೇ, ಹೆಸರು ಮಾತ್ರ ಬೇರೆ.

ಅಂದಹಾಗೆ, ಆ ಹೆಸರು ಕಾನ್ರನ್ ಅವರದ್ದೇ ಕಲ್ಪನೆ ಏನಲ್ಲ. ನೀರಿನ ಮೇಲೆ ವೇಗದ ದಾಖಲೆ ಮಾಡಿದ ಬ್ರಿಟನ್ನಿನ ಡೊನಾಲ್ಡ್ ಕ್ಯಾಂಪ್‌ಬೆಲ್ 1955ರ ತನ್ನ ಪುಸ್ತಕದಲ್ಲೇ ತನ್ನ ನಾಯಿಯನ್ನ ಹಾಗೆ ಕರೆದಿದ್ದ. ಆದರೆ ಆ ಹೆಸರಿನ ಜೊತೆಗೆ 'ಅಲರ್ಜಿ ಇಲ್ಲ' ಅನ್ನೋ ಭರವಸೆ ಅಂಟಿಕೊಂಡಿದ್ದು ಮೆಲ್ಬರ್ನ್‌ನಲ್ಲಿ.

ಆಮೇಲೆ ಏನಾಯ್ತು ಅಂತ ಊಹಿಸೋದು ಕಷ್ಟವಲ್ಲ. ಯಾರು ಯಾರೋ ಪೂಡಲ್ ಜೊತೆ ಯಾವ ಯಾವುದೋ ತಳಿ ಸೇರಿಸಿದರು. ಕೆಲವರು ಜವಾಬ್ದಾರಿಯಿಂದ, ತುಂಬ ಜನ ದುಡ್ಡಿಗಾಗಿ. ತಂದೆತಾಯಿಯ ಕಣ್ಣು, ಸೊಂಟದ ಕೀಲು ಸರಿಯಿದೆಯಾ ಅಂತ ನೋಡದೆಯೇ ಮರಿ ಹಾಕಿಸಿ, ಅಲರ್ಜಿ ಇಲ್ಲ ಅಂತ ಮಾರಿದರು. ಅಲರ್ಜಿ ಆದಾಗ ಜನ ಆ ನಾಯಿಗಳನ್ನ ತಂದು ಬಿಟ್ಟರು. 2019ರಲ್ಲಿ ಆಸ್ಟ್ರೇಲಿಯಾದ ಎಬಿಸಿಗೆ ಕೊಟ್ಟ ಸಂದರ್ಶನದಲ್ಲಿ ವೃದ್ಧ ಕಾನ್ರನ್, ಇದು ತನ್ನ ಬದುಕಿನ ದೊಡ್ಡ ಪಶ್ಚಾತ್ತಾಪ ಅಂದರು. ಒಬ್ಬ ಅಂಧ ಮಹಿಳೆಗೆ ಸಹಾಯ ಮಾಡಿದ ಮನುಷ್ಯ ಅದನ್ನೇ ನೆನೆದು ನೊಂದುಕೊಳ್ಳಬೇಕಾಯ್ತು. ನನಗೇನೋ ಅವರ ಮೇಲೆ ಕೋಪ ಬರಲ್ಲ. ಅವರು ಜೊಲ್ಲು ಕಳಿಸಿ ಪರೀಕ್ಷೆ ಮಾಡಿಸಿದ್ದರು. ಆಮೇಲೆ ಬಂದವರು ಆ ಒಂದು ಕೆಲಸ ಬಿಟ್ಟು ಬರೀ ಹೆಸರನ್ನ ಮಾತ್ರ ತಗೊಂಡರು.

ಈ 'ಹೈಪೋಅಲರ್ಜೆನಿಕ್' ಪದದ ಕಥೆಯೂ ಹೀಗೇ. ಇದು ಆಸ್ಪತ್ರೆಯಿಂದ ಬಂದ ಪದ ಅಲ್ಲ, 1950ರ ದಶಕದ ಅಮೆರಿಕದ ಸೌಂದರ್ಯವರ್ಧಕಗಳ ಜಾಹೀರಾತಿನಿಂದ ಬಂದದ್ದು. 'ಹೈಪೋ' ಅಂದ್ರೆ ಕಡಿಮೆ. ಸೊನ್ನೆ ಅಂತ ಅಲ್ಲ. ಕಡಿಮೆ ಅಂದ್ರೆ ಯಾವುದಕ್ಕಿಂತ, ಎಷ್ಟು? 1975ರಲ್ಲಿ ಅಮೆರಿಕದ ಎಫ್‌ಡಿಎ, ಪರೀಕ್ಷೆ ಮಾಡಿ ತೋರಿಸಿದವರು ಮಾತ್ರ ಆ ಪದ ಬಳಸಬೇಕು ಅಂತ ನಿಯಮ ತಂದಿತು. ಕಂಪನಿಗಳು ಕೋರ್ಟಿಗೆ ಹೋದವು. 1977ರಲ್ಲಿ ನಿಯಮ ಬಿದ್ದುಹೋಯ್ತು. ಇವತ್ತಿಗೂ ಅಲ್ಲಿ ಆ ಪದಕ್ಕೆ ಸರ್ಕಾರಿ ವ್ಯಾಖ್ಯಾನ ಇಲ್ಲ. ಕ್ರೀಮಿಗೇ ಇಲ್ಲ ಅಂದಮೇಲೆ ನಾಯಿಗೆ ಎಲ್ಲಿಂದ ಬರಬೇಕು ಹೇಳಿ.

ಆದರೆ 'ಅಲರ್ಜಿ' ಅನ್ನೋ ಪದ ಮಾತ್ರ ಡಾಕ್ಟರದ್ದೇ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಗ್ರೀಕ್‌ನಿಂದ ಕಟ್ಟಿದ ಪದ ಅದು. ಕಾಯಿಲೆ ಅದಕ್ಕಿಂತ ಎಷ್ಟೋ ಹಳೆಯದು. ಹೆನ್ರಿ ಹೈಡ್ ಸಾಲ್ಟರ್ ಅಂತ ಲಂಡನ್ನಿನ ವೈದ್ಯರೊಬ್ಬರು 1860ರಲ್ಲಿ ಅಸ್ತಮಾ ಬಗ್ಗೆ ದೊಡ್ಡ ಪುಸ್ತಕ ಬರೆದರು. ಬೆಕ್ಕಿನಂಥ ಪ್ರಾಣಿ ಹತ್ತಿರ ಬಂದರೆ ಕೆಲವರಿಗೆ ಉಸಿರು ಕಟ್ಟುತ್ತೆ ಅಂತ ಅದರಲ್ಲಿ ವಿವರವಾಗಿ ಬರೆದಿದ್ದಾರೆ. ಅವರಿಗೇ ಅಸ್ತಮಾ ಇತ್ತು. ಆದರೆ ದೇಹದ ಒಳಗೆ ಏನಾಗುತ್ತೆ ಅಂತ ಗೊತ್ತಾಗಲು ಇನ್ನೂ ನೂರು ವರ್ಷ ಬೇಕಾಯ್ತು. 1960ರ ದಶಕದಲ್ಲಿ, ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿ, ಅದೇ ಹೊತ್ತಿಗೆ ಸ್ವೀಡನ್ನಿನ ಇಬ್ಬರು ಸಂಶೋಧಕರು, ಐಜಿಇ ಅನ್ನುವ ಪ್ರತಿಕಾಯವನ್ನ ಕಂಡುಹಿಡಿದರು. ಯಾವ ತೊಂದರೆಯೂ ಮಾಡದ ಒಂದು ಪ್ರೋಟೀನನ್ನ ನಮ್ಮ ದೇಹ ಶತ್ರು ಅಂತ ತಪ್ಪು ತಿಳಿದು ಯುದ್ಧಕ್ಕೆ ಇಳಿಯೋದಿದೆಯಲ್ಲ, ಅದರ ಮುಖ್ಯ ಪಾತ್ರಧಾರಿ ಇದು.

ನಾಯಿಯ ವಿಷಯದಲ್ಲಿ ಆ ಪ್ರೋಟೀನ್ ಯಾವುದು? ಮುಖ್ಯವಾದದ್ದಕ್ಕೆ ಕ್ಯಾನ್ ಎಫ್ 1 ಅಂತ ಹೆಸರು. ಅದು ಇರೋದು ನಾಯಿಯ ಜೊಲ್ಲಿನಲ್ಲಿ, ಚರ್ಮದಿಂದ ಏಳುವ ಸಣ್ಣ ಹೊಟ್ಟಿನಲ್ಲಿ. ಕೂದಲು ಬರೀ ವಾಹನ. ಕೂದಲು ಉದುರದಿದ್ದರೂ ನಾಯಿ ಮೈ ನೆಕ್ಕುತ್ತೆ, ಜೊಲ್ಲು ಒಣಗುತ್ತೆ, ಪುಡಿಯಾಗುತ್ತೆ, ಗಾಳಿಗೆ ಸೇರುತ್ತೆ. ಕಣ ಎಷ್ಟು ಸಣ್ಣದು ಅಂದ್ರೆ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತೆ, ಬಟ್ಟೆಗೆ ಅಂಟಿಕೊಂಡು ಬೇರೆಯವರ ಮನೆಗೂ ಹೋಗುತ್ತೆ. ನಾಯಿಯೇ ಇಲ್ಲದ ಮನೆಗಳಲ್ಲಿ, ಶಾಲೆಗಳಲ್ಲಿ ಅದು ಸಿಕ್ಕಿದೆ.

ನಮ್ಮಲ್ಲಿ ಮುಧೋಳ ನಾಯಿಗೆ ಮೈಗೆ ಅಂಟಿದ ಚಿಕ್ಕ ಕೂದಲು, ಹಾಗಾಗಿ ಅಲರ್ಜಿ ಇಲ್ಲ ಅಂತ ಕೆಲವರು ಅಂದ್ಕೋತಾರೆ. ಒಳ್ಳೇ ನಾಯಿ, ಓಡೋಕೆ ಜಾಗ ಇದ್ದರೆ ಖಂಡಿತ ಸಾಕಿ. ಆದರೆ ಜೊಲ್ಲು ಅದಕ್ಕೂ ಇದೆ.

ಈ ಪ್ರಶ್ನೆ ಜಗತ್ತಿನ ಮುಂದೆ ಬಂದಿದ್ದು 2008ರ ನವೆಂಬರ್‌ನಲ್ಲಿ. ಚುನಾವಣೆ ಗೆದ್ದ ರಾತ್ರಿ ಬರಾಕ್ ಒಬಾಮಾ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಶ್ವೇತಭವನಕ್ಕೆ ನಾಯಿಮರಿ ಬರುತ್ತೆ ಅಂತ ವೇದಿಕೆಯಿಂದಲೇ ಮಾತು ಕೊಟ್ಟರು. ಮೂರೇ ದಿನಕ್ಕೆ ಮೊದಲ ಪತ್ರಿಕಾಗೋಷ್ಠಿ. ಆರ್ಥಿಕ ಕುಸಿತದ ಮಧ್ಯೆ ನಾಯಿಯ ಪ್ರಶ್ನೆಯೂ ಬಂತು. ದೊಡ್ಡ ಮಗಳು ಮಾಲಿಯಾಗೆ ಅಲರ್ಜಿ ಇದೆ, ಹೈಪೋಅಲರ್ಜೆನಿಕ್ ಆಗಿರಬೇಕು, ಆಶ್ರಯ ಕೇಂದ್ರದಿಂದಲೂ ತರಬೇಕು ಅಂತಿದೆ, ಎರಡೂ ಒಟ್ಟಿಗೆ ಸಿಗೋದು ಕಷ್ಟ ಅಂತ ಅವರು ಹೇಳಿದರು. 2009ರ ಏಪ್ರಿಲ್‌ನಲ್ಲಿ ಬೋ ಬಂದ. ಸೆನೆಟರ್ ಟೆಡ್ ಕೆನಡಿ ಕೊಟ್ಟ ಉಡುಗೊರೆ. ಪೋರ್ಚುಗೀಸ್ ವಾಟರ್ ಡಾಗ್ ತಳಿ. ಪೋರ್ಚುಗಲ್ಲಿನ ಮೀನುಗಾರರ ದೋಣಿಯಲ್ಲಿ ದುಡಿಯುತ್ತಿದ್ದ, 1930ರ ದಶಕದಲ್ಲಿ ಹೆಚ್ಚುಕಡಿಮೆ ಅಳಿದೇಹೋಗಿದ್ದ ನಾಯಿ. ಅಲ್ಲಿಂದ ಶ್ವೇತಭವನಕ್ಕೆ!

ಬೋ ಬಂದು ಎರಡು ವರ್ಷಕ್ಕೆ, 2011ರಲ್ಲಿ, ಅಮೆರಿಕದ ಡೆಟ್ರಾಯ್ಟ್‌ನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ನಾಯಿ ಇರುವ 173 ಮನೆಗಳಲ್ಲಿ, ಹಸುಗೂಸು ಮಲಗುವ ಕೋಣೆಯ ಧೂಳು ತೆಗೆದು ಕ್ಯಾನ್ ಎಫ್ 1 ಅಳೆದಿದ್ದರು. 'ಅಲರ್ಜಿ ಆಗದ' ತಳಿ ಇದ್ದ ಮನೆಗೂ ಬೇರೆ ಮನೆಗೂ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ನೆದರ್ಲೆಂಡ್ಸ್‌ನವರು ನೇರವಾಗಿ ನಾಯಿಗಳ ಕೂದಲನ್ನೇ ಪರೀಕ್ಷಿಸಿದರು. 350ಕ್ಕೂ ಹೆಚ್ಚು ನಾಯಿಗಳು. ಫಲಿತಾಂಶ ಉಲ್ಟಾ! ಪೂಡಲ್, ಲ್ಯಾಬ್ರಡೂಡಲ್‌ನಂಥ ತಳಿಗಳ ಕೂದಲಲ್ಲೇ ಕ್ಯಾನ್ ಎಫ್ 1 ಜಾಸ್ತಿ ಇತ್ತು. ಲ್ಯಾಬ್ರಡೂಡಲ್ ಇರೋ ಮನೆಗಳ ನೆಲದ ಧೂಳಿನಲ್ಲಿ ಮಾತ್ರ ಸ್ವಲ್ಪ ಕಡಿಮೆ. ಗಾಳಿಯಲ್ಲಿ ವ್ಯತ್ಯಾಸವೇ ಇಲ್ಲ. ಇನ್ನೂ ಒಂದು ಮಾತು ಅವರು ಹೇಳಿದರು: ತಳಿ ತಳಿಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ತಳಿಯ ಒಂದು ನಾಯಿಗೂ ಇನ್ನೊಂದು ನಾಯಿಗೂ ಇರುವ ವ್ಯತ್ಯಾಸ ದೊಡ್ಡದು.

ಅಂದ್ರೆ ಏನು? ಸುಲ್ತಾನ್, ಶೇಖ್, ಸೈಮನ್. ಮೂರರಲ್ಲಿ ಒಂದು. 1989ರಲ್ಲೇ ಹವಾಯಿಯಿಂದ ಬಂದ ಉತ್ತರ ಇದೇ ಆಗಿತ್ತು. ತಳಿಯನ್ನ ನೋಡಬೇಡಿ, ಆ ನಾಯಿಯನ್ನ ನೋಡಿ, ಆ ಮನುಷ್ಯನನ್ನ ನೋಡಿ ಅಂತ. ಇದನ್ನ ಮತ್ತೆ ಕಂಡುಕೊಳ್ಳೋಕೆ ಇಪ್ಪತ್ತಮೂರು ವರ್ಷ ಹಿಡೀತು.

ಈಗ ನಮ್ಮ ಕೇಳುಗರ ಮನೆಗೆ ಬರೋಣ. ನಾಯಿ ಅಂದ್ರೆ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಅಂಗಳ, ಜಗುಲಿ, ಹೆಚ್ಚೆಂದರೆ ಕೊಟ್ಟಿಗೆ. ರಾತ್ರಿ ಉಳಿದ ಮುದ್ದೆಯೋ ಅನ್ನವೋ ಹಾಕಿದ್ರೆ ಅಲ್ಲೇ ತಿಂದು ಅಲ್ಲೇ ಮಲಗೋದು. ಈಗ ಎರಡು ಬೆಡ್‌ರೂಮಿನ ಫ್ಲಾಟು, ಕಿಟಕಿ ಮುಚ್ಚಿ ಎಸಿ, ನಾಯಿ ಮಗುವಿನ ದಿಂಬಿನ ಮೇಲೆ. ಹಾಗಾಗಿ ಯಾವ ನಾಯಿ ಅನ್ನೋದರ ಜೊತೆಗೆ ಎಲ್ಲಿ ಮಲಗುತ್ತೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಮಲಗುವ ಕೋಣೆಗೆ ಪ್ರವೇಶ ಇಲ್ಲ ಅಂತ ಮೊದಲ ದಿನದಿಂದಲೇ ರೂಢಿ ಮಾಡಿ. ಸ್ನಾನ ಮಾಡಿಸಿದ್ರೆ ಅಲರ್ಜಿಯ ಅಂಶ ಕಡಿಮೆ ಆಗುತ್ತೆ, ಆದರೆ ಕೆಲವೇ ದಿನದಲ್ಲಿ ಮತ್ತೆ ಅಷ್ಟೇ ಆಗುತ್ತೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಕ್ಯಾನ್ ಎಫ್ 5 ಅಂತ ಒಂದು ಪ್ರೋಟೀನ್ ಇದೆ, ಅದು ತಯಾರಾಗೋದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಅದೊಂದಕ್ಕೆ ಮಾತ್ರ ಅಲರ್ಜಿ ಇರುವವರು ಹೆಣ್ಣು ನಾಯಿಯ ಜೊತೆ ಆರಾಮಾಗಿ ಇರಬಹುದು. ಇದನ್ನ ರಕ್ತಪರೀಕ್ಷೆಯಲ್ಲಿ ನೋಡಬಹುದು, ಅಲರ್ಜಿ ತಜ್ಞರನ್ನ ಕೇಳಿ. 'ನಾಯಿ ಅಲರ್ಜಿ ಇದೆ' ಅನ್ನೋ ಒಂದೇ ಸಾಲಿನ ರಿಪೋರ್ಟಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತೆ. ಮೊದಲು ಆ ಹುಡುಗನಿಗೆ ನಾಯಿ ಅಲರ್ಜಿ ಇದೆಯೋ, ಬರೀ ಧೂಳಿನದ್ದೋ ಅನ್ನೋದೇ ಗೊತ್ತಾಗಬೇಕಲ್ಲ. ಅಸ್ತಮಾ ಹತೋಟಿಗೆ ಬಂದಿಲ್ಲ ಅಂದ್ರೆ ಮಾತ್ರ ನಾಯಿಯ ವಿಚಾರ ಸದ್ಯಕ್ಕೆ ಪಕ್ಕಕ್ಕಿಡಿ. ಹುಡುಗ ಬೈಕೊಳ್ಳಲಿ, ಪರವಾಗಿಲ್ಲ.

ಸ್ವೀಡನ್ನಿನಲ್ಲಿ ಲಕ್ಷಾಂತರ ಮಕ್ಕಳ ದಾಖಲೆ ನೋಡಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಮೊದಲ ವರ್ಷ ಮನೆಯಲ್ಲಿ ನಾಯಿ ಇದ್ದ ಮಕ್ಕಳಿಗೆ ಶಾಲೆ ಸೇರುವ ವಯಸ್ಸಿನಲ್ಲಿ ಅಸ್ತಮಾ ಅಪಾಯ ಶೇ 13ರಷ್ಟು ಕಡಿಮೆ ಕಂಡಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಇದು 'ನಾಯಿ ಸಾಕಿದರೆ ಅಸ್ತಮಾ ಹೋಗುತ್ತೆ' ಅಂತ ಓಡಾಡಿದರೆ ನಂಬಬೇಡಿ. ಅದು ಹಸುಗೂಸುಗಳ ವಿಷಯ. ಏಳು ವರ್ಷಕ್ಕೆ ಆಗಲೇ ಅಸ್ತಮಾ ಇರುವ ಹುಡುಗನಿಗೆ ಅದು ಔಷಧಿ ಅಲ್ಲ.

ಹಾಗಾದರೆ ಏನು ಮಾಡೋದು ಅಂತ ಆ ತಾಯಿಗೆ ನಾನು ಬರೆದಿದ್ದು ಇಷ್ಟೇ. ಡಾಕ್ಟರ್ ಸರಿ ಅಂದಮೇಲೆ, ಮೂರು ಪಟ್ಟು ದುಡ್ಡು ಕೊಡುವ ಮೊದಲು ಕಾನ್ರನ್ ಮಾಡಿದ್ದನ್ನ ಮಾಡಿ. ಹೆಸರು ನೋಡಬೇಡಿ, ನಾಯಿಯನ್ನ ಭೇಟಿ ಮಾಡಿಸಿ. ಮರಿಗಿಂತ ಬೆಳೆದ ನಾಯಿ ವಾಸಿ, ಯಾಕಂದ್ರೆ ಬೆಳೆದ ಮೇಲೆ ಹೇಗಿರುತ್ತೆ ಅನ್ನೋ ಅನುಮಾನ ಇರಲ್ಲ. ನಾಯಿಗಳಿಗೆ ಆಶ್ರಯ ಕೊಡುವ ಕಡೆ ಬೆಳೆದ ಬೀದಿನಾಯಿಗಳು ಎಷ್ಟೋ ಇರ್ತವೆ, ದುಡ್ಡೂ ಬೇಡ. ಇನ್‌ಹೇಲರ್ ಜೊತೆಗಿಟ್ಟುಕೊಂಡು ಹೋಗಿ, ಒಂದೇ ನಾಯಿಯ ಜೊತೆ ಮೂರು ನಾಲ್ಕು ಸಲ, ಬೇರೆ ಬೇರೆ ದಿನ, ಒಂದೊಂದು ಗಂಟೆ ಕೂರಿಸಿ. ಆ ರಾತ್ರಿ, ಮರುದಿನ ಹೇಗಿದ್ದ ಅಂತ ಬರೆದಿಡಿ. ಮಾರುವವರು ಇದಕ್ಕೆ ಒಪ್ಪಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಅವರು ಮೊನ್ನೆ ಮತ್ತೆ ಮೆಸೇಜ್ ಮಾಡಿದ್ದಾರೆ. ಅಲರ್ಜಿ ಟೆಸ್ಟಿಗೆ ರಕ್ತ ಕೊಟ್ಟಾಗಿದೆ, ರಿಪೋರ್ಟ್ ಇನ್ನೂ ಬಂದಿಲ್ಲ. ಅಪಾರ್ಟ್‌ಮೆಂಟಿನ ಪಕ್ಕದ ಬೀದಿಯಲ್ಲಿ ಒಂದು ಕಂದು ಹೆಣ್ಣು ನಾಯಿ ಇದೆಯಂತೆ, ಮಗ ಅದಕ್ಕೆ ಆಗಲೇ ಹೆಸರಿಟ್ಟಿದ್ದಾನಂತೆ. ಯಾವ ಹೆಸರು ಅಂತ ಮಾತ್ರ ಅಮ್ಮನಿಗೆ ಹೇಳ್ತಿಲ್ಲ.